ಹತ್ತರಲ್ಲೊಂದು

ಗಾಂಧಾರಿ ಮೆಣಸು ಕೊಯ್ಯುವುದೆಂದರೆ
ಇರುವೆಯ ಹಲ್ಲು ಎಣಿಸಿದ ಹಾಗೆ.
ಇಡೀ ದಿನ ಬೆರಳುರಿಸಿಕೊಂಡರೂ
ಒಣಗಿಸಿ ತೂಗಿದರೆ ನೂರು ಗ್ರಾಂ.
ಹತ್ತು ಸಲ ತಂದಳು ಮಾಚಿ
ಅಮ್ಮತ್ತಿಯ ಸೊಸೈಟಿಯ ಹಿಂಬಾಗಿಲಿಗೆ,
ಬಾಳೆಲೆಯಲ್ಲಿ ಕಟ್ಟಿ, ನಾರು ಬಿಗಿದು.
ಹತ್ತು ಸಲವೂ ನಾನೇ ಬರೆದುಕೊಂಡೆ:
ಸೊನ್ನೆ ಬಿಂದು ಒಂದು.

ಕಿಲೋ ತುಂಬಿಸಿದವರಿಗೆ ಮೇಲೆ ಐವತ್ತು ರೂಪಾಯಿ.
ನಿಯಮ ಉತ್ತಯ್ಯನವರದು.
ಲೆಕ್ಕ ನನ್ನದು, ಹೆಬ್ಬಾವಿನ ಹೆಸರಿನ ಭಾಷೆಯಲ್ಲಿ,
ಹನ್ನೊಂದೇ ಸಾಲು.
ಗುಂಡಿ ಒತ್ತಿದೆ.
ಕಿಲೋ ಆಗಿಲ್ಲ, ಅಂದಿತು ಪರದೆ.

‘ತಿರುಗಿ ತೂಗು’ ಅಂದಳು ಮಾಚಿ, ಸಿಟ್ಟಿಲ್ಲದೆ,
ಎಷ್ಟೋ ತಕ್ಕಡಿಗಳ ಮುಂದೆ ಆಡಿ ಆಡಿ
ಸವೆದ ದನಿಯಲ್ಲಿ.
ಹತ್ತೂ ಕಟ್ಟು ಒಟ್ಟಿಗೇ ಇಟ್ಟೆ.
ಮುಳ್ಳು ಒಂದರ ಮೇಲೆ ನೆಟ್ಟಗೆ ನಿಂತಿತು.
ಯಂತ್ರದೊಳಗೆ ಮಾತ್ರ
೦.೯೯೯೯೯೯೯೯೯೯೯೯೯೯೯೯

ಆ ಕೂದಲೆಳೆ ಎಲ್ಲಿ ಉದುರಿತು?
ನೆಲ ಗುಡಿಸಿ ಹುಡುಕುವಂಥದ್ದಲ್ಲ.
‘ಸಫೂರಾ, ಯಂತ್ರ ಹೇಳಿದ್ದು ಹೇಳಿದ್ದೇ’
ಎಂದು ಉತ್ತಯ್ಯ ಜೀಪು ಹತ್ತಿದರು.

ರಾತ್ರಿ ಕೂತು ನೋಡಿದೆ. ಗುರುತು ಸಿಕ್ಕಿತು:
ಇದು ನನ್ನ ಉಮ್ಮಾಮನ ಕಾಲದ ಪ್ರಾಣಿ!
ಅರೆ ಗೊತ್ತು, ಕಾಲು ಗೊತ್ತು, ಅರೆಕಾಲು, ವೀಸ,
ಅರ್ಧದ ಅರ್ಧದ ಅರ್ಧಕ್ಕೆ ಇಳಿಯುತ್ತ
ಉಮ್ಮಾಮ ಪಾವಿನಲ್ಲಿ ಅಕ್ಕಿ ಅಳೆದ ಹಾಗೆ
ಒಂದು ಕಾಳೂ ಚೆಲ್ಲುವುದಿಲ್ಲ.
ಹತ್ತರಲ್ಲೊಂದು ಅಂದರೆ ಮಾತ್ರ ತಬ್ಬಿಬ್ಬು.
ಒಂದು ಒಂದು ಸೊನ್ನೆ ಸೊನ್ನೆ
ಒಂದು ಒಂದು ಸೊನ್ನೆ ಸೊನ್ನೆ
ಗೊಣಗುತ್ತ ನಡೆದೇ ನಡೆದು
ಐವತ್ತಮೂರನೆಯ ಹೆಜ್ಜೆಗೆ ದಾರಿ ಮುಗಿದು
ಸಿಕ್ಕಲ್ಲಿ ಕೂತು
ಊರು ಬಂತು ಅನ್ನುತ್ತದೆ.
ಸುಳ್ಳಲ್ಲ ಅದು, ಸುಸ್ತು.

ಹತ್ತರ ಲೆಕ್ಕಕ್ಕೆಂದೇ ಬೇರೆ ಪೆಟ್ಟಿಗೆ ಇದೆಯಂತೆ, ಡೆಸಿಮಲ್.
ತಂದೆ, ತೆರೆದೆ, ಅಂಕೆಯನ್ನು ಹಾಗೇ ಸುರಿದೆ.
೦.೧೦೦೦೦೦೦೦೦೦೦೦೦೦೦೦೦೫೫೫೧೧೧೫೧೨೩
ಇನ್ನೂ ಇತ್ತು ಬಾಲ, ಪರದೆಯ ಅಂಚಿನಾಚೆಗೆ.
ತಪ್ಪನ್ನೇ ಚಾಚೂ ತಪ್ಪದೆ ಒಪ್ಪಿಸಿತ್ತು.
ಪೆಟ್ಟಿಗೆಗೆ ಬೀಳುವ ಮೊದಲೇ
ಅಂಕೆ ಕೆಟ್ಟಿತ್ತು, ನನ್ನ ಕೈಯಲ್ಲಿ.

ಬೆಳಗಿನ ಜಾವ, ಪಕ್ಕದ ಲೈನಿನ ಕೋಳಿ ಕೂಗುವಾಗ,
ಎರಡು ಕಡೆ ಉದ್ಧರಣ ಚಿಹ್ನೆ ಹಾಕಿದೆ.
ಅಷ್ಟೇ.
ಇದು ಸಂಖ್ಯೆ ಅಲ್ಲ ಮಾರಾಯ, ಮಾತು.
ನೀನು ಅರ್ಥ ಮಾಡಿಕೊಳ್ಳಬೇಡ,
ಮಾಚಿ ಹೇಳಿದ ಹಾಗೆ ಬರೆದುಕೋ:
‘೦.೧’
ಹತ್ತು ಸಲ ಕೂಡಿತು.
೧.೦
ಬಿಂದುವಿನಾಚೆಯ ಆ ಸೊನ್ನೆಯನ್ನೂ
ಜೋಪಾನವಾಗಿ ಇಟ್ಟುಕೊಂಡಿತ್ತು.

ಬುಧವಾರ ಮಾಚಿ ಬಂದಳು.
ಐವತ್ತರ ನೋಟು ಕೊಟ್ಟರೆ ಮುಟ್ಟಲಿಲ್ಲ.
‘ನಾವು ಮೂರು ಜನ ಕೊಯ್ದದ್ದು,
ನಾನು, ತಂಗಿ, ನಾದಿನಿ.
ಭಾಗ ಮಾಡಿ ಕೊಡು.’
ಸಲೀಸು ಅಂದುಕೊಂಡು ಹೊಸ ಪೆಟ್ಟಿಗೆಗೇ ಹಾಕಿದೆ.
ಹದಿನಾರು ಬಿಂದು ಆರು ಆರು ಆರು ಆರು
ಕೊನೆಗೆ, ಇಪ್ಪತ್ತೆಂಟನೆಯ ಮನೆಯಲ್ಲಿ
ನಾಚಿಕೆಯಿಲ್ಲದ ಒಂದು ಏಳು.
ಇದಕ್ಕೂ ಸುಸ್ತಾಗುತ್ತದೆ, ಗೊತ್ತಿರಲಿಲ್ಲ ನನಗೆ.

ನಾನು ನಿಯಮ ಹುಡುಕುತ್ತಿದ್ದೆ:
ಮೇಲಕ್ಕೆ ದೂಡಲೇ, ಕೆಳಕ್ಕೆ ಬಿಡಲೇ,
ಉಳಿದ ಪೈಸೆ ಯಾರ ಹೆಸರಿಗೆ?

ಮಾಚಿ ಕಾಯಲಿಲ್ಲ.
ಎದುರಂಗಡಿಯಲ್ಲಿ ಚಿಲ್ಲರೆ ಮಾಡಿಸಿ
ಹದಿನಾರು, ಹದಿನಾರು, ಹದಿನಾರು,
ಸೆರಗಿನ ತುದಿಯಲ್ಲಿ ಮೂರು ಗಂಟು.
ಉಳಿದ ಎರಡು ರೂಪಾಯಿಗೆ
ಒಂದು ಬೆಂಕಿಪೊಟ್ಟಣ,
ಮೂವರಿಗೂ ಸೇರಿ.
ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡಿದಳು,
ಕಡ್ಡಿ ತುಂಬ ಇವೆಯೋ ಇಲ್ಲವೋ.